ಹಾರಂಗಿಯೋ, ವಾಲ್ನೂರೋ, ನೀಲಗಿರಿಯೋ: ಫ್ಲೈ ಗಾಳಕ್ಕೆ ಯಾವ ನೀರು?

ಹೊಸದಾಗಿ ಫ್ಲೈ ರಾಡ್ (ಕೂದಲು, ಗರಿ ಸುತ್ತಿ ಹುಳದಂತೆ ಕಟ್ಟಿದ ಗಾಳ ಬೀಸುವ ಕೋಲು) ಕೊಂಡ ಕೊಡಗಿನ ಹುಡುಗರು ಮೊದಲು ಕೇಳುವುದು ಒಂದೇ ಮಾತು: "ಹಾರಂಗಿ ಡ್ಯಾಮಿನ ಕೆಳಗೆ ಟ್ರೌಟ್ ಸಿಗುತ್ತಾ ಅಣ್ಣ?" ಅಮೆರಿಕದಲ್ಲಿ ಅಣೆಕಟ್ಟಿನ ಕೆಳಗೆ ಮೊಣಕಾಲುದ್ದ ನೀರಲ್ಲಿ ನಿಂತು ತಣ್ಣೀರಿನ ಮೀನಾದ ಟ್ರೌಟ್ ಹಿಡಿಯುವ ವಿಡಿಯೋ ನೋಡಿದವರಿಗೆ ಈ ಆಸೆ ಹುಟ್ಟುವುದು ಸಹಜ. ನಮ್ಮಲ್ಲೂ ಅಣೆಕಟ್ಟು ಇದೆ, ಹೊಳೆ ಇದೆ, ಡಿಸೆಂಬರ್‌ನಲ್ಲಿ ಹಲ್ಲು ಕಟಕಟಿಸುವ ಚಳಿಯೂ ಇದೆ. ಆದರೂ ಸಿಗುವುದಿಲ್ಲ. ಕೊಡಗಿನ ಯಾವ ಹೊಳೆಯಲ್ಲೂ ಟ್ರೌಟ್ ಇಲ್ಲ, ತಂದು ಬಿಟ್ಟರೂ ಉಳಿಯುವುದಿಲ್ಲ.

ಹಾಗಾದರೆ ರಾಡ್ ಹಿಡಿದು ಎಲ್ಲಿಗೆ ಹೋಗಬೇಕು? ಕೊಡಗಿನಲ್ಲಿ ಕೂತು ಯೋಚಿಸುವವರಿಗೆ ಮೂರು ದಾರಿಗಳಿವೆ. ಹಾರಂಗಿ ಅಣೆಕಟ್ಟಿನ ಕೆಳಗಿನ ಹೊಳೆ ಒಂದು, ವಾಲ್ನೂರು ಸುತ್ತಲಿನ ಕಾವೇರಿ ಇನ್ನೊಂದು. ಟ್ರೌಟೇ ಬೇಕು ಅನ್ನುವವರಿಗೆ ನೀಲಗಿರಿ, ಮುನ್ನಾರ್ ಅಥವಾ ಅದಕ್ಕಿಂತ ದೂರದ ಹಿಮಾಲಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸುಗ್ಗಿಹಬ್ಬ ಪುತ್ತರಿ ಕಳೆದ ಮೇಲೆ ವಾಲ್ನೂರಿನ ನೀರಲ್ಲಿ ನಮ್ಮ ಹೊಳೆಯ ದೊಡ್ಡ ಮೀನಾದ ಮಹಶೀರ್‌ಗೆ ಫ್ಲೈ ಹಾಕುವುದಕ್ಕೆ ಸಮನಾದದ್ದು ದಕ್ಷಿಣ ಭಾರತದಲ್ಲಿ ಬೇರೆ ಇಲ್ಲ. ಆದರೆ ಅದು ಎಲ್ಲರಿಗೂ, ಎಲ್ಲ ತಿಂಗಳಲ್ಲೂ ಸರಿಹೊಂದುವುದಿಲ್ಲ. ಅದಕ್ಕೇ ಈ ಹೋಲಿಕೆ.

ಅಣೆಕಟ್ಟಿನ ಕೆಳಗೆ ಟ್ರೌಟ್ ಬದುಕುವುದು ಹೇಗೆ

ಇದನ್ನು ತಿಳಿದುಕೊಂಡರೆ ಹಾರಂಗಿಯ ವಿಷಯ ತಾನಾಗಿ ಅರ್ಥವಾಗುತ್ತದೆ. ಟ್ರೌಟ್‌ಗೆ 10ರಿಂದ 16 ಡಿಗ್ರಿ ಸೆಲ್ಸಿಯಸ್ ನೀರು ಹಿತ. 20 ದಾಟಿದರೆ ಅದು ಮೇವು ಬಿಟ್ಟು ಸೊರಗುತ್ತದೆ, 25ರ ಆಸುಪಾಸು ಸಾಯುತ್ತದೆ. ಆಳದ ಜಲಾಶಯದಲ್ಲಿ ಬೇಸಿಗೆಯ ಬಿಸಿಲು ಮೇಲಿನ ನೀರನ್ನು ಮಾತ್ರ ಕಾಯಿಸುತ್ತದೆ. ಚಳಿಗಾಲದಲ್ಲಿ ತಣ್ಣಗಾಗಿ ಭಾರವಾದ ನೀರು ತಳದಲ್ಲೇ ಉಳಿಯುತ್ತದೆ. ಅಣೆಕಟ್ಟಿನ ತೂಬು ತಳದ ಹತ್ತಿರ ಇದ್ದರೆ ಹೊಳೆಗೆ ಬರುವುದು ಆ ತಣ್ಣೀರೇ. ಅಮೆರಿಕದ ಅರ್ಕನ್ಸಾ ರಾಜ್ಯದ ವೈಟ್ ರಿವರ್ ಮೊದಲು ಬೆಚ್ಚನೆಯ ನೀರಿನ ಹೊಳೆಯಾಗಿತ್ತು. 1951ರಲ್ಲಿ ಬುಲ್ ಶೋಲ್ಸ್ ಅಣೆಕಟ್ಟು ಮುಗಿದ ಮೇಲೆ ಅಲ್ಲಿನ ಹಳೆಯ ಮೀನುಗಳಿಗೆ ನೀರು ತೀರ ತಣ್ಣಗಾಯಿತು, ಟ್ರೌಟ್ ತಂದು ಬಿಟ್ಟರು. ಅದೇ ರಾಜ್ಯದ ಲಿಟಲ್ ರೆಡ್ ಹೊಳೆಯಲ್ಲಿ, ಗ್ರೀರ್ಸ್ ಫೆರಿ ಅಣೆಕಟ್ಟಿನ ಕೆಳಗೆ, 1992ರಲ್ಲಿ 18 ಕಿಲೋ ದಾಟಿದ ಬ್ರೌನ್ ಟ್ರೌಟ್ ಸಿಕ್ಕಿತ್ತು. ಬಹಳ ವರ್ಷ ಅದೇ ವಿಶ್ವದಾಖಲೆ.

ಆ ತಣ್ಣೀರು ಹುಟ್ಟುವುದು ಚಳಿಗಾಲದಲ್ಲಿ. ನಮ್ಮ ಚಳಿ ಮೈಗೆ ತಾಗುತ್ತದೆ, ನೀರಿನ ಆಳಕ್ಕೆ ಇಳಿಯುವುದಿಲ್ಲ. ಹಾರಂಗಿ ತುಂಬಿದಾಗಿನ ಮಟ್ಟ 2,859 ಅಡಿ, ಅಂದರೆ ಸಮುದ್ರಮಟ್ಟದಿಂದ ಸುಮಾರು 870 ಮೀಟರ್. ನೀಲಗಿರಿಯಲ್ಲಿ ಟ್ರೌಟ್ ಇರುವ ನೀರು 2,000 ಮೀಟರಿನ ಮೇಲಿದೆ. ಇಷ್ಟು ತಗ್ಗಿನಲ್ಲಿ ತಳದ ನೀರೂ ಟ್ರೌಟ್‌ಗೆ ಬೇಕಾದಷ್ಟು ತಣ್ಣಗಾಗದು. ಇನ್ನೊಂದು ತೊಡಕೂ ಇದೆ. ಬೆಚ್ಚನೆಯ ನಾಡಿನ ಜಲಾಶಯದ ತಳದಲ್ಲಿ ಎಲೆ, ಹೂಳು ಬೇಗ ಕೊಳೆಯುತ್ತವೆ, ಆಮ್ಲಜನಕ ಕಡಿಮೆಯಾಗುತ್ತದೆ. ಆ ನೀರು ಕಲ್ಲುಗಳ ಮೇಲೆ ನೊರೆಯಾಗಿ ಹರಿದ ಮೇಲೆಯೇ ಮೀನಿಗೆ ಉಸಿರಾಡುವಂತಾಗುವುದು.

ಹಾರಂಗಿಯ ಕೆಳಗೆ

ಪುಷ್ಪಗಿರಿ ಬೆಟ್ಟಸಾಲಿನಿಂದ ಇಳಿದು ಬರುವ ಹಾರಂಗಿಗೆ ಹುದುಗೂರಿನಲ್ಲಿ ಅಣೆಕಟ್ಟು. ಅಲ್ಲಿಂದ ಕೆಲವೇ ಕಿಲೋಮೀಟರ್ ಹರಿದು ಕೂಡಿಗೆಯಲ್ಲಿ ಕಾವೇರಿ ಸೇರುತ್ತದೆ. 8.5 ಟಿಎಂಸಿ ನೀರು ಹಿಡಿಯುವ ಈ ಜಲಾಶಯವನ್ನು ಕಟ್ಟಿದ್ದೇ ಗದ್ದೆಗಳಿಗಾಗಿ. ಗಾಳ ಹಾಕುವವನು ನೆನಪಿಡಬೇಕಾದ ಮುಖ್ಯ ವಿಷಯವೂ ಇದೇ. ಮುಂಗಾರು ಜೋರಾದಾಗ ಗೇಟು ತೆರೆದರೆ ಹೊಳೆ ಕೆಂಪಾಗಿ ಭೋರ್ಗರೆಯುತ್ತದೆ. ಮಳೆ ನಿಂತ ಮೇಲೆ ನೀರು ಹೋಗುವುದು ನಾಲೆಗೆ, ಹೊಳೆಯ ಪಾಲಿಗೆ ಉಳಿಯುವುದು ಅಲ್ಲಲ್ಲಿ ಮಡು. ಅಮೆರಿಕದ ಹೊಳೆಗಳಲ್ಲಿ ವರ್ಷವಿಡೀ ವಿದ್ಯುತ್ತಿಗಾಗಿ ಬಿಡುವ ನೀರು ಇರುತ್ತದೆ, ಅದಕ್ಕೆ ಹುಳ ಹುಟ್ಟುತ್ತದೆ, ಹುಳಕ್ಕೆ ಮೀನು ಏಳುತ್ತದೆ. ಹಾರಂಗಿಯಲ್ಲಿ ಆ ಸ್ಥಿರತೆ ಇಲ್ಲ.

2018ರ ಆಗಸ್ಟ್‌ನಲ್ಲಿ ಮುಕ್ಕೋಡ್ಲು, ಹಟ್ಟಿಹೊಳೆ, ಮಾದಾಪುರದ ಕಡೆ ಗುಡ್ಡಗಳೇ ಕುಸಿದಾಗ ಅಪಾರ ಮಣ್ಣು, ಮರ ಜಲಾಶಯಕ್ಕೆ ಬಂದು ಸೇರಿತು. ಫ್ಲೈ ನಂಬುವುದು ಮೀನಿನ ಕಣ್ಣನ್ನು. ಕಲಕಿದ ನೀರಲ್ಲಿ ಕೂದಲು, ಗರಿ ಸುತ್ತಿದ ಗಾಳವನ್ನು ಮೀನು ಹುಡುಕಿಕೊಂಡು ಬರುವುದಿಲ್ಲ. ಗಾಳಕ್ಕೆ ಮೆತ್ತುವ ರಾಗಿ ಮುದ್ದೆಗಾದರೆ ವಾಸನೆ ಇದೆ, ಫ್ಲೈಗೆ ಅದೂ ಇಲ್ಲ.

ಹಾಗೆಂದು ಹಾರಂಗಿಯನ್ನು ತಳ್ಳಿಹಾಕುವಂತಿಲ್ಲ. ಮೀನುಗಾರಿಕೆ ಇಲಾಖೆಯ ಮಹಶೀರ್ ಮರಿ ಕೇಂದ್ರ ಇರುವುದು ಇಲ್ಲೇ, ಈ ನದಿಗಳಿಗೆ ಬಿಡುವ ಮರಿಗಳು ಅಲ್ಲಿ ಬೆಳೆಯುತ್ತವೆ. ದಡದಲ್ಲಿ ಮರ ಕಡಿಮೆ ಇರುವ ಬಯಲು ಜಾಗಗಳಿದ್ದು, ಹಿಂದಕ್ಕೆ ಲೈನ್ ಬೀಸುವುದನ್ನು ಕಲಿಯುವವರಿಗೆ ಅಡ್ಡಿ ಇಲ್ಲ. ಕುಶಾಲನಗರದವರಿಗೆ ಸಂಜೆ ಕೆಲಸ ಮುಗಿಸಿ ಹೋಗಿ ಬರುವಷ್ಟು ಹತ್ತಿರ. ಚಿಕ್ಕ ಫ್ಲೈಗೆ ಚಿಕ್ಕ ಮೀನು ಬಂದರೂ ಕೈ ಪಳಗುತ್ತದೆ. ಅಣೆಕಟ್ಟಿನ ಆವರಣದೊಳಗೆ ಮಾತ್ರ ಕಾಲಿಡಬೇಡಿ, ಜಲಾಶಯದ ಮೀನಿನ ಹಕ್ಕು ಯಾರದ್ದೆಂದು ಇಲಾಖೆಯಲ್ಲಿ ಕೇಳಿಕೊಂಡೇ ಗಾಳ ಹಾಕಿ.

ಅಣೆಕಟ್ಟಿನ ಕೆಳಗಿನ ಯಾವ ಹೊಳೆಗೂ ಅನ್ವಯಿಸುವ ಮಾತೊಂದನ್ನು ಇಲ್ಲಿ ಒತ್ತಿ ಹೇಳಬೇಕು. ಆಕಾಶ ಶುಭ್ರವಾಗಿದೆ ಎಂದು ನೀರಿನ ಮಟ್ಟವನ್ನು ನಂಬಬೇಡಿ. 2014ರ ಜೂನ್ 8ರಂದು ಹಿಮಾಚಲದಲ್ಲಿ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಬಿಯಾಸ್ ಹೊಳೆಯ ಕಲ್ಲುಗಳ ಮೇಲಿದ್ದ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಮಳೆ ಬಿದ್ದು ಏರುವ ಹೊಳೆ ಬಣ್ಣ ಬದಲಿಸಿ ಸೂಚನೆ ಕೊಡುತ್ತದೆ. ಗೇಟಿನಿಂದ ಬರುವ ನೀರು ಹಾಗಲ್ಲ, ನಿಂತ ಕಲ್ಲಿನ ಸುತ್ತ ಏರಿಬಿಡುತ್ತದೆ. ದಡದಲ್ಲಿ ಒದ್ದೆಯಾಗದ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ಅದು ಒದ್ದೆಯಾದರೆ ರಾಡ್ ಸುತ್ತಿ ಮೇಲೆ ಬನ್ನಿ, ಗಾಳದಲ್ಲಿ ಮೀನಿದ್ದರೂ ಸರಿ.

ವಾಲ್ನೂರಿನ ಕಾವೇರಿ

ಸಿದ್ದಾಪುರ ದಾಟಿ ದುಬಾರೆ, ವಾಲ್ನೂರು ಕಡೆ ಬರುವ ಹೊತ್ತಿಗೆ ಕಾವೇರಿ ಅಗಲವಾಗಿ, ಬಂಡೆಗಳ ನಡುವೆ ಕವಲೊಡೆದು, ಮಡುವಿನಿಂದ ಮಡುವಿಗೆ ಇಳಿಯುತ್ತ ಹರಿಯುತ್ತಾಳೆ. ಇಲ್ಲಿಂದ ಮೇಲಕ್ಕೆ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ತಲಕಾವೇರಿ, ಭಾಗಮಂಡಲದ ಮಳೆಯೇ ಇಲ್ಲಿನ ಗಡಿಯಾರ. ಈ ಪಾತ್ರದಲ್ಲಿ ಮಹಶೀರ್ ಕಾಯುವ ಕೆಲಸವನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದೆ. ಪರವಾನಗಿ ಪಡೆದವರು ಗಾಳ ಹಾಕಬಹುದು, ಹಿಡಿದ ಮಹಶೀರನ್ನು ಮರಳಿ ನೀರಿಗೆ ಬಿಡಬೇಕು. ಕಾವಲು ಇಲ್ಲದ ಹೊಳೆಗಳಲ್ಲಿ ತೋಟೆ ಸಿಡಿಸಿ, ವಿಷ ಹಾಕಿ ಒಂದು ಮಡುವನ್ನೇ ಬರಿದು ಮಾಡುವುದನ್ನು ಕಂಡವರಿಗೆ ಆ ಕಾವಲಿನ ಬೆಲೆ ಗೊತ್ತು. ಸ್ಫೋಟಕ, ವಿಷ ಎರಡಕ್ಕೂ 1897ರ ಮೀನುಗಾರಿಕೆ ಕಾಯ್ದೆಯಿಂದಲೇ ನಿಷೇಧ ಇದ್ದರೂ ಕಾನೂನು ಹೊಳೆ ಕಾಯುವುದಿಲ್ಲ, ಕಾಯುವುದು ದಡದಲ್ಲಿ ನಡೆದಾಡುವ ಮನುಷ್ಯರು.

ಇಲ್ಲಿ ಸಿಗುವ ಮಹಶೀರ್ ಬಹುಪಾಲು ನೀಲಿ ರೆಕ್ಕೆಯದು. 1970ರ ದಶಕದಿಂದ ಲೋಣಾವಳದ ಟಾಟಾ ಮರಿ ಕೇಂದ್ರದಲ್ಲಿ ಬೆಳೆಸಿದ ಈ ಜಾತಿಯ ಮರಿಗಳನ್ನು ಕಾವೇರಿಗೂ ತಂದು ಬಿಟ್ಟರು. ಕಾವೇರಿಯದ್ದೇ ಆದ, ಬೆನ್ನಲ್ಲಿ ಡುಬ್ಬವಿರುವ, ಕಿತ್ತಳೆ ರೆಕ್ಕೆಯ ಮಹಶೀರ್ ಬೇರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಹಿಡಿದ 120 ಪೌಂಡಿನ ಮೀನಿನ ದಾಖಲೆ ಈಗಲೂ ಮಾತಿನಲ್ಲಿದೆ. ಅಂಥ ದೈತ್ಯ ಮೀನುಗಳ ಕುಲ ಇಂದು ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಈ ಡುಬ್ಬದ ಮಹಶೀರ್ ಯಾವ ಜಾತಿಯೆಂದು ವಿಜ್ಞಾನಿಗಳು ಖಚಿತಪಡಿಸಿದರು. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜಾತಿಗಳ ಪಟ್ಟಿ ಸೇರಿತು. ನಿಮ್ಮ ಲೈನಿನ ತುದಿಗೆ ಡುಬ್ಬದ ಮೀನು ಬಂದರೆ ಫೋಟೋದ ಆಸೆ ಬಿಡಿ. ನೀರಿನಿಂದ ಎತ್ತದೆಯೇ ಗಾಳ ಬಿಡಿಸಿ.

ತಿಂಗಳುಗಳ ಲೆಕ್ಕ ಹೀಗೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹೊಳೆಯ ಹತ್ತಿರ ಸುಳಿಯುವ ಮಾತೇ ಇಲ್ಲ, ಅದು ಮಹಶೀರ್ ಮೊಟ್ಟೆಯಿಡಲು ಮೇಲಕ್ಕೆ ಏರುವ ಕಾಲವೂ ಹೌದು. ತುಲಾ ಸಂಕ್ರಮಣದ ಹೊತ್ತಿಗೆ ನೀರು ಇಳಿಯತೊಡಗಿದರೂ ಬಣ್ಣ ಪೂರ್ತಿ ಹೋಗಿರುವುದಿಲ್ಲ, ಮಿನುಗುವ ಲೋಹದ ಗಾಳವಾದ ಸ್ಪೂನ್ ಹಾಕುವವರಿಗೆ ಅದು ಸರಿ. ಪುತ್ತರಿ ಕಳೆದು ಶಿವರಾತ್ರಿಯವರೆಗೆ ನೀರು ತಿಳಿಯಾಗಿರುತ್ತದೆ. ಇದೇ ಫ್ಲೈ ಕಾಲ. ಆಮೇಲೆ ಕಾಫಿ ಹೂ ಬಿಡಿಸಲು ತೋಟಗಳ ಪಂಪುಗಳು ಹೊಳೆಗೆ ಇಳಿಯುತ್ತವೆ. ಮಟ್ಟ ಕುಗ್ಗಿ ಮೀನು ಆಳದ ಮಡುಗಳಲ್ಲಿ ಒತ್ತಾಗಿ ಸೇರುತ್ತದೆ. ಆಗ ಹಿಡಿಯುವುದು ಸುಲಭ, ಅದಕ್ಕೇ ನಾನು ಬೇಡ ಅನ್ನುತ್ತೇನೆ. ಬೆಚ್ಚಗಿನ, ಆಮ್ಲಜನಕ ಕಡಿಮೆಯಾದ ನೀರಲ್ಲಿ ಹೋರಾಡಿ ದಣಿದ ಮಹಶೀರ್ ಈಜಿ ಹೋದಂತೆ ಕಂಡರೂ ಬದುಕುವುದು ಖಾತ್ರಿಯಿಲ್ಲ. ಏಪ್ರಿಲ್, ಮೇನಲ್ಲಿ ಹೋಗಲೇಬೇಕಿದ್ದರೆ ಬೆಳಗಿನ ಮೊದಲ ಎರಡು ಗಂಟೆ ಮಾತ್ರ ಹೋಗಿ. ಹೂಮಳೆ ಬಿದ್ದ ಮರುದಿನ ಹೊಳೆಗೆ ಸ್ವಲ್ಪ ಜೀವ ಬರುತ್ತದೆ.

ವಾಲ್ನೂರಿನ ಕಷ್ಟಗಳೂ ಇವೆ. ದಡದಲ್ಲಿ ಹೊಳೆಮತ್ತಿ, ಅತ್ತಿ, ಬಿದಿರು ದಟ್ಟವಾಗಿವೆ. ಹಿಂದಕ್ಕೆ ಬೀಸಿದ ಲೈನ್ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಮುಂದಕ್ಕೇ ಉರುಳಿಸುವ ರೋಲ್ ಕಾಸ್ಟ್ ಬಾರದವರು ದಡದಿಂದ ಏನೂ ಮಾಡಲಾಗದು. ಹರಿಗೋಲಿನವರು ಸಿಕ್ಕರೆ ನಡುಬಂಡೆಗೆ ಹೋಗಿ ನಿಲ್ಲುವುದು ಒಳ್ಳೆಯದು. ಪಾಚಿ ಹಿಡಿದ ಬಂಡೆ ಜಾರುತ್ತದೆ. ಕಾಡಾನೆಗಳು ಮುಂಜಾನೆ, ಸಂಜೆ ಹೊಳೆ ದಾಟುವುದು ಇಲ್ಲೆಲ್ಲ ಸಾಮಾನ್ಯ. ಮೀನು ಮೇಯುವ ಹೊತ್ತೂ ಅದೇ ಆದ್ದರಿಂದ, ಊರಿನವರೊಬ್ಬರು ಜೊತೆಗಿಲ್ಲದೆ ಹೋಗಬೇಡಿ. ನೀರುನಾಯಿಗಳ ಗುಂಪು ಮಡುವಿಗೆ ಇಳಿದಿದ್ದರೆ ಅಲ್ಲಿ ಹೊತ್ತು ಕಳೆಯದೆ ಮುಂದಿನ ಮಡುವಿಗೆ ನಡೆಯಿರಿ.

ಟ್ರೌಟೇ ಬೇಕು ಅನ್ನುವವರಿಗೆ

ನೀಲಗಿರಿಗೆ ಟ್ರೌಟ್ ಬಂದದ್ದು 20ನೇ ಶತಮಾನದ ಮೊದಲ ದಶಕದಲ್ಲಿ, ಎಚ್.ಸಿ. ವಿಲ್ಸನ್ ಅವರ ಪ್ರಯತ್ನದಿಂದ. ಅವಲಾಂಚೆಯಲ್ಲಿ ಮರಿ ಕೇಂದ್ರ ಆಯಿತು. ಅಲ್ಲಿ ಉಳಿದದ್ದು ರೇನ್‌ಬೋ ಟ್ರೌಟ್. ಮುನ್ನಾರಿನ ಎತ್ತರದ ಹೊಳೆ, ಕೆರೆಗಳಲ್ಲೂ ಟೀ ತೋಟದವರು ಅದನ್ನೇ ಬೆಳೆಸಿದರು. ಕೊಡಗಿನಿಂದ ಗುಂಡ್ಲುಪೇಟೆ, ಗೂಡಲೂರು ದಾಟಿ ಊಟಿ ಸೇರುವುದು ಒಂದು ದಿನದ ದಾರಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡು ಹೊರಡಿ. ಈ ನೀರುಗಳಲ್ಲಿ ಎಷ್ಟೋ ಈಗ ರಾಷ್ಟ್ರೀಯ ಉದ್ಯಾನದ ಒಳಗೆ ಅಥವಾ ಅಂಚಿನಲ್ಲಿವೆ. ಅನುಮತಿ ಕೈಗೆ ಬರುವ ಮೊದಲು ರೂಮ್ ಬುಕ್ ಮಾಡಬೇಡಿ.

ಅಣೆಕಟ್ಟು, ಹೊಳೆ, ಟ್ರೌಟ್ ಮೂರೂ ಒಟ್ಟಿಗೆ ಬೇಕೆಂದರೆ ಹಿಮಾಚಲದ ಬರೋಟ್ ನೋಡಿ. ಶಾನನ್ ವಿದ್ಯುತ್ ಕೇಂದ್ರಕ್ಕೆ ಉಹ್ಲ್ ಹೊಳೆಯ ನೀರನ್ನು ತಿರುಗಿಸಿರುವ ಊರದು, ಅಲ್ಲಿ ಸರ್ಕಾರದ ಟ್ರೌಟ್ ಮರಿ ಕೇಂದ್ರವೂ ಇದೆ. ವರ್ಷಕ್ಕೊಮ್ಮೆ ರಜೆ ಹಾಕಿ ಹೋಗುವವರಿಗೆ ಅದು ಚಂದ. ವಾರಾಂತ್ಯದ ಹವ್ಯಾಸಕ್ಕೆ ಆಗದು.

ಟ್ರೌಟ್ ಫ್ಲೈ ಮತ್ತು ಮಹಶೀರ್ ಫ್ಲೈ ಬೇರೆ ಬೇರೆ ಕೌಶಲ ಎಂಬುದೂ ತಿಳಿದಿರಲಿ. ಅಣೆಕಟ್ಟಿನ ಕೆಳಗಿನ ಟ್ರೌಟ್ ತಿನ್ನುವುದು ಅಕ್ಕಿ ನುಚ್ಚಿನಷ್ಟಿರುವ ಹುಳಗಳನ್ನು. ಲೈನ್ ಎಳೆಯದಂತೆ, ಹುಳ ತಾನೇ ತೇಲಿ ಬಂದಂತೆ ಫ್ಲೈ ಬರಬೇಕು. ಮಹಶೀರ್ ಏಡಿ, ಬಸವನಹುಳು, ಸಣ್ಣ ಮೀನು, ಉದುರಿದ ಅತ್ತಿಹಣ್ಣು ಎಲ್ಲ ತಿನ್ನುತ್ತದೆ, ಗಂಟಲಿನ ಹಲ್ಲಿನಿಂದ ಏಡಿಯ ಚಿಪ್ಪನ್ನೂ ಅರೆಯುತ್ತದೆ. ಅದಕ್ಕೆ ಹಾಕುವ ಫ್ಲೈ ದೊಡ್ಡದು. ಬಂಡೆಯ ಪಕ್ಕ ಬೀಳಿಸಿ, ಮುಳುಗಲು ಬಿಟ್ಟು, ಗೇಣು ಗೇಣಾಗಿ ಎಳೆಯಬೇಕು.

ರಾಗಿ, ಸ್ಪೂನ್, ಫ್ಲೈ

ಕಾವೇರಿಯಲ್ಲಿ ಹೆಸರಾದ ದೊಡ್ಡ ಮಹಶೀರ್‌ಗಳಲ್ಲಿ ಬಹಳಷ್ಟು ಬಿದ್ದದ್ದು ರಾಗಿ ಮುದ್ದೆಗೆ. ಗಟ್ಟಿಯಾಗಿ ಬೇಯಿಸಿದ ರಾಗಿಯನ್ನು ಗಾಳಕ್ಕೆ ಮೆತ್ತಿ ಮಡುವಿನ ತಳಕ್ಕೆ ಇಳಿಸಿ ಕಾಯುವುದು. ಇದರಲ್ಲಿ ತಾಳ್ಮೆ ಬೇಕು, ಹೊಳೆ ಓದುವ ಕಣ್ಣು ಬೇಕು, ಬೀಸುವ ವಿದ್ಯೆ ಬೇಕಿಲ್ಲ. ದೊಡ್ಡ ಮೀನಿನ ಆಸೆಗೆ ಇವತ್ತಿಗೂ ರಾಗಿಯೇ ಮೇಲು, ಈ ಮಾತನ್ನು ಫ್ಲೈ ಪ್ರಿಯನಾದ ನಾನು ಒಪ್ಪಲೇಬೇಕು. ಆದರೆ ಕಾಯುವ ಗಾಳವನ್ನು ಮೀನು ಆರಾಮವಾಗಿ ನುಂಗುತ್ತದೆ, ಗಾಳ ಗಂಟಲಿಗೆ ಇಳಿಯುವ ಅಪಾಯ ಹೆಚ್ಚು. ಮರಳಿ ಬಿಡುವ ನಿಯಮವಿರುವ ನೀರಲ್ಲಿ ಇದು ಸಣ್ಣ ವಿಷಯವಲ್ಲ. ರಾಗಿ ಹಾಕುವವರು ತುದಿ ಒಳಕ್ಕೆ ಬಾಗಿದ ಸರ್ಕಲ್ ಗಾಳ ಬಳಸಿ, ರಾಡ್ ಕೈಯಲ್ಲೇ ಹಿಡಿದು ಕೂತರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ.

ಸ್ಪೂನ್ ಮತ್ತು ಸ್ಪಿನ್ನರ್ ನಡುವಿನ ದಾರಿ. ಲೋಹದ ತೂಕವೇ ಲೈನನ್ನು ಒಯ್ಯುವುದರಿಂದ ಮರಗಳ ಸಂದಿಯಿಂದಲೂ ಎಸೆಯಬಹುದು, ಸ್ವಲ್ಪ ಕಲಕಿದ ನೀರಲ್ಲೂ ಮಿನುಗು ಕಾಣುತ್ತದೆ. ಒಂದು ಬೆಳಿಗ್ಗೆಯಲ್ಲಿ ಬಹಳ ನೀರು ಶೋಧಿಸಬಹುದು. ಹೊಸಬರಿಗೆ ನಾನು ಇದನ್ನೇ ಹೇಳುವುದು. ಅಂಗಡಿಯಿಂದ ಬರುವಾಗ ಅದಕ್ಕೆ ಮೂರು ಕೊಕ್ಕೆಯ ಗಾಳ ಇರುತ್ತದೆ, ಅದನ್ನು ತೆಗೆದು ಒಂಟಿ ಗಾಳ ಹಾಕಿ. ಮೂರು ಕೊಕ್ಕೆ ಮೀನಿನ ಬಾಯಿ, ಕಣ್ಣು ಹರಿಯುತ್ತದೆ, ಬಿಡಿಸುವ ಹೊತ್ತು ಹೆಚ್ಚಾಗುತ್ತದೆ.

ಫ್ಲೈಯಲ್ಲಿ ಗಾಳಕ್ಕೆ ತೂಕವಿಲ್ಲ, ತೂಕ ಇರುವುದು ಲೈನಿಗೆ. ಅದನ್ನು ಗಾಳಿಯಲ್ಲಿ ಬೀಸಿ ಚಾಚುವುದೇ ವಿದ್ಯೆ. ಕಲಿಯಲು ಒಂದು ಹಂಗಾಮು ಹೋಗುತ್ತದೆ. ಗಾಳಿ ಎದ್ದರೆ ಕಷ್ಟ, ನೀರು ಕಲಕಿದರೆ ವ್ಯರ್ಥ, ಸಲಕರಣೆ ದುಬಾರಿ. ರಾಗಿಯವರು, ಸ್ಪೂನಿನವರು ಮೀನು ಹಿಡಿದ ಎಷ್ಟೋ ದಿನ ಫ್ಲೈಯವನು ಬರಿಗೈಯಲ್ಲಿ ಬರುತ್ತಾನೆ. ಆದರೂ ನಾನು ಇದನ್ನೇ ಆರಿಸುವುದಕ್ಕೆ ಎರಡು ಕಾರಣ. ಫ್ಲೈ ಸಾಮಾನ್ಯವಾಗಿ ತುಟಿಯ ಅಂಚಿಗೆ ಕಚ್ಚಿಕೊಳ್ಳುತ್ತದೆ, ಗಾಳದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ದರೆ ಬೆರಳಲ್ಲೇ ಬಿಡಿಸಿ ಕ್ಷಣದಲ್ಲಿ ಮೀನನ್ನು ಕಳಿಸಬಹುದು. ಎರಡನೆಯದು, ಫ್ಲೈ ಹಾಕುವವನು ಹೊಳೆಯನ್ನು ನೋಡಲೇಬೇಕು: ರಭಸ ಎಲ್ಲಿ ಸಡಿಲಾಗುತ್ತದೆ, ಬಂಡೆಯ ನೆರಳು ಎತ್ತ ಬೀಳುತ್ತದೆ, ಅತ್ತಿಹಣ್ಣು ಎಲ್ಲಿ ಉದುರುತ್ತಿದೆ. ನಮ್ಮ ಮನೆಗಳಲ್ಲಿ ಕಾವೇರಮ್ಮೆ ಎಂದು ಕೈಮುಗಿಯುವ ನೀರನ್ನು ಅಷ್ಟು ಹತ್ತಿರದಿಂದ ನೋಡುವ ಅವಕಾಶ ಬೇರೆ ಯಾವ ಗಾಳದಲ್ಲೂ ನನಗೆ ಸಿಕ್ಕಿಲ್ಲ.

ಯಾವ ರಾಡ್

ಟ್ರೌಟ್‌ಗೆ 4 ಅಥವಾ 5 ನಂಬರಿನ ರಾಡ್ ಸಾಕು (ನಂಬರ್ ಹೆಚ್ಚಿದಷ್ಟೂ ಲೈನ್ ಭಾರ, ರಾಡ್ ಗಟ್ಟಿ). ಮಹಶೀರ್‌ಗೆ ಅದನ್ನು ತರಬೇಡಿ. ಮೊದಲ ಓಟದಲ್ಲೇ ಮೀನು ರಭಸದ ಕೆಳಗೆ ಹೋಗಿಬಿಟ್ಟರೆ ತಡೆಯುವ ಶಕ್ತಿ ಅದಕ್ಕಿಲ್ಲ, ಹೋರಾಟ ಉದ್ದವಾದಷ್ಟೂ ಮೀನಿಗೆ ಹಾನಿ. 9 ಅಡಿಯ 8 ನಂಬರ್ ರಾಡ್, ತೇಲುವ ಲೈನ್ ಒಂದು, ತುದಿ ಮುಳುಗುವ ಲೈನ್ ಇನ್ನೊಂದು, ನೂರೈವತ್ತು ಮೀಟರ್ ಬ್ಯಾಕಿಂಗ್ (ಲೈನಿನ ಹಿಂದೆ ಕಟ್ಟುವ ತೆಳು ದಾರ) ಹಿಡಿಸುವ, ಬ್ರೇಕ್ ಚೆನ್ನಾಗಿರುವ ರೀಲು. ಹಣ ಕಡಿಮೆ ಇದ್ದರೆ ರಾಡ್‌ನಲ್ಲಿ ಉಳಿಸಿ, ಲೈನಿನಲ್ಲಿ ಉಳಿಸಬೇಡಿ. ಫ್ಲೈಗಳಲ್ಲಿ ಕಂದು, ಕಪ್ಪು, ಆಲಿವ್ ಬಣ್ಣದ ವೂಲಿ ಬಗರ್, ಏಡಿಯಂತೆ ಕಟ್ಟಿದವು, ಮರಿ ಮೀನಿನಂತೆ ಕಾಣುವ ಕ್ಲೌಸರ್ ಇಷ್ಟಿದ್ದರೆ ಸಾಕು. ಗಾಳದ ತಂತಿ ದಪ್ಪದ್ದಿರಲಿ, ತೆಳುವಾದದ್ದನ್ನು ಮಹಶೀರ್ ನೆಟ್ಟಗೆ ಮಾಡಿಬಿಡುತ್ತದೆ.

ಹಿಡಿದ ಮೇಲೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಕಿವಿರಿಗೆ ಬೆರಳು ಹಾಕಿ ತೂಗಬೇಡಿ. ಹಿಂದೆ ದೊಡ್ಡ ಮೀನಿಗೆ ಹಗ್ಗ ಪೋಣಿಸಿ ಫೋಟೋಗಾಗಿ ಗಂಟೆಗಟ್ಟಲೆ ನೀರಲ್ಲಿ ಕಟ್ಟಿಡುವ ಪದ್ಧತಿ ಇತ್ತು, ಅದನ್ನು ಕಂಡರೆ ನಿಲ್ಲಿಸಿ. ಹರಿವಿಗೆ ಮುಖ ಮಾಡಿ ಹಿಡಿದುಕೊಂಡು, ಅದು ತಾನೇ ಬಾಲ ಬೀಸಿ ಹೋಗುವವರೆಗೆ ಕಾಯಿರಿ.

ಇಷ್ಟರ ಮೇಲೆ ಆಯ್ಕೆ ನಿಮ್ಮದು. ಕುಶಾಲನಗರದಲ್ಲಿದ್ದು ಬೀಸುವುದನ್ನು ಕಲಿಯುತ್ತಿರುವವರಿಗೆ ಮಳೆಯ ನಂತರದ ಹಾರಂಗಿ. ಲೈನ್ ಚಾಚುವುದು ಬಂದ ಮೇಲೆ, ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ, ವಾಲ್ನೂರು. ಮಕ್ಕಳನ್ನು ಮೊದಲ ಸಲ ಹೊಳೆಗೆ ಕರೆದೊಯ್ಯುವವರು ಫ್ಲೈ ಬಿಟ್ಟು ಸ್ಪೂನ್ ಹಿಡಿಯಿರಿ, ಬೇಸರವಾಗದು. ಟ್ರೌಟ್ ಕನಸಿನವರು ಹಣ, ರಜೆ ಎರಡನ್ನೂ ಕೂಡಿಟ್ಟುಕೊಂಡು ಬೆಟ್ಟ ಹತ್ತಿ. ಹೊಳೆಯಲ್ಲಿ ಕೆಳಗೆ ಕೆಳಗೆ ಹೋಗುತ್ತ ಹಾಸನದ ರಾಮನಾಥಪುರ ತಲುಪಿದರೆ ಅಲ್ಲಿ ಗಾಳ ತೆಗೆಯಲೇಬೇಡಿ, ದೇವಸ್ಥಾನದ ಎದುರಿನ ಮೀನು ದೇವರ ಮೀನು. ಇನ್ನೂ ಕೆಳಗೆ ಕಾವೇರಿ ವನ್ಯಧಾಮದೊಳಗೆ, ಭೀಮೇಶ್ವರಿ, ಗಾಲಿಬೋರೆಯಂಥ ಹಳೆಯ ಹೆಸರುವಾಸಿ ಶಿಬಿರಗಳಲ್ಲೂ ಈಗ ಗಾಳಕ್ಕೆ ಅವಕಾಶವಿಲ್ಲ. ವಾಲ್ನೂರಿಗೆ ಹೊರಡುವ ಮೊದಲು ಆ ವರ್ಷದ ನಿಯಮ, ಪರವಾನಗಿಯ ದರ, ಯಾವ ಪಾತ್ರ ತೆರೆದಿದೆ ಎಂಬುದನ್ನು ಮಡಿಕೇರಿಯಲ್ಲೇ ವಿಚಾರಿಸಿ. ಪರವಾನಗಿ ಚೀಟಿಯನ್ನು ನೀರು ತಾಗದ ಹಾಗೆ ಜೇಬಿನಲ್ಲಿಟ್ಟುಕೊಂಡಿರಿ, ಕಾವಲಿನವರು ಬಂದು ಕೇಳುತ್ತಾರೆ.